ಗಾಯರಾಣದ ಎಳೇ ಬನ್ನಿ

…ಅಲ್ಲ ಆಯಿ, ಮೀಟಿಂಗಿನ ಮಾತು ಆಮ್ಯಾಲ! ಮೊದಲು ಈ ಒಗಟ ಒಡಿ. ಒಡದ್ರ ಹೇಳ್ತೀನಿ, ಒಡೀಲಿಲ್ಲಂದ್ರ ಹಂಗ ಕುಂದ್ರು. ಕೇಳು. ಮುನ್ನೂರಾ ಹನ್ನೆರಡು ಕೂಸು. ಎಲ್ಲಾ ಎರಡೆರಡು ವರ್ಷದವು. ಹಾಡಹಗಲ, ಹಲಗಿ ಬಾರಿಸಿಕೋತ ಬಂದು ಅವುನ್ನ ಮುಗಿಸಿದ್ರು. ಮುಗಸೂಕಿಂತ ಮೊದಲು ಕೈ ಮುಗದ್ರು. ಮುಗಿಸಿದ ಮ್ಯಾಲ ಮನಿಗೆ ಹೋಗಿ ಹೋಳಿಗಿ ಉಂಡು ಒಬ್ಬರ ಕಾಲಿಗೆ ಒಬ್ಬರು ಬಿದ್ರು. ಕೂಸು ಯಾವು ಅಂತ ಕೇಳಾಕತ್ತಿಲ್ಲ, ಅದು ನಿನಗೂ ಗೊತ್ತು. ಅವುನ್ನ ಕೊಂದಾಂವ ಯಾರು? ಒಬ್ಬನ ಹೆಸರು ಹೇಳು. ಒಂದೇ ಒಂದು.

ಹೂಂ… ಏನು, ಬಾಯಾಗ ಎಲಿ ಅಡಿಕಿ ಐತೇನು?

ಊರ ಮಂದಿ ಅನಬ್ಯಾಡ. ಊರ ಮಂದಿ ಅಂದ್ರ ಯಾರೂ ಅಲ್ಲ. ನಾ ಕೇಳಿದ್ದು ಒಬ್ಬನ್ನ.

ಬಿಡು, ನಿನಗ ಆಗೂದಿಲ್ಲ. ಸೀಟಿ ವೆಂಕೋಬನ ಒಗಟ ಯಾರು ಒಡದಾರ, ನೀ ಒಡೀಲಿಕ್ಕೆ! ಹೇಳ್ತೀನಿ, ಹೇಳ್ತೀನಿ, ಸೆರಗ ಬಾಯಿಗೆ ಒತ್ತಿಕೋಬ್ಯಾಡ. ಒಂದೊಂದಾಗಿ ಹೇಳಬೇಕು, ಇಲ್ಲಾಂದ್ರ ರುಚಿ ಹತ್ತೂದಿಲ್ಲ. ಸಂಘದವ್ರು ನಿನ್ನ ಕಾವಲಕ್ಕ ಇಟ್ಕೊಂಡಾರೋ, ಈ ಗುಡಸಲ ಬಿಡಿಸ್ಯಾರೋ… ಅದಕ್ಕ ತಾನೇ ನಿನ್ನ ಜೀವ ಹೊಡಕೊಳ್ಳಾಕತ್ತಿದ್ದು? ಕಡೀದು ಕಡೀಕ. ಕುಂದ್ರು.

ಇವತ್ತ ಐತವಾರ, ಹನ್ನೊಂದಕ್ಕ ಸಾಲಿ ಪಡಸಾಲ್ಯಾಗ ಎಲ್ಲಾರೂ ಕೂಡಿದ್ರು. ಖೋಲಿಯೊಳಗಿಂದ ಬೋರ್ಡ್ ಹೊರಗ ತಂದು ಗ್ವಾಡಿಗೆ ಆನಿಸಿ ನಿಲ್ಲಿಸಿದ್ರು. ‘ನೆಲ ಜಲ ರಕ್ಷಣಾ ಸಂಘ’. ಅದರ ಮ್ಯಾಲ ಪಾರಿವಾಳದ ಹಿಕ್ಕಿ. ಒಣಗಿದ್ದು, ಹಸೇದು, ಎಲ್ಲಾ ಥರದ್ದು. ಒರಸಾಕ ಬಟ್ಟಿ ಇಲ್ಲಂತ, ನನ್ನ ಹೆಗಲ ಮ್ಯಾಲಿನ ಟಾವೆಲ್ ಎಳಕೊಂಡ್ರು. ಮೂಸಿ ನೋಡು… ಬ್ಯಾಡ ಬ್ಯಾಡ, ಮೂಸಬ್ಯಾಡ. ಥೂ!

ಇಲ್ಲಿ ನೀ ನಗಬೇಕಿತ್ತು. ಇರಲಿ.

ನಡುವ ಕಾರ್ಯದರ್ಶಿ ಕೊಟ್ರಬಸಪ್ಪನವ್ರು. ಎಡಕ್ಕ ಬಲಕ್ಕ ಕಮಿಟಿಯವ್ರು. ಹಿಂದ ಕಂಬಕ್ಕ ಆತು ಸಸಿಮಡಿ ನೋಡಿಕೊಳ್ಳೂ ಹಜರತಬೀ. ಆಕೀ ಬಾಜೂಕ ನಾನು, ಸ್ವಯಂಸೇವಕರ ಸಂಘಟಕ! ಏಳನೇ ಕ್ಲಾಸಿನಾಗ ಎರಡು ಸಲ ಕುಂತು ಎದ್ದಾಂವಗ ಎಷ್ಟುದ್ದ ಹೆಸರು ಕೊಟ್ಟಾರ ನೋಡು. ಕೆಲಸ ಏನು? ಕೊಳ್ಳಾಗ ಸೀಟಿ, ಕುಂಡಿ ಕೆಳಗ ಸೈಕಲ್ಲು. ಐತವಾರಕ್ಕೊಮ್ಮೆ ಓಣಿ ಓಣಿ ತಿರುಗಿ, ಬರ್ರೆಪಾ ಬರ್ರಿ, ಗಾಯರಾಣದಾಗ ಕುಣಿ ತೋಡೂದೈತಿ, ಕಲ್ಲಿನ ಒಡ್ಡು ಹಾಕೂದೈತಿ ಅಂತ ಊದೂದು. ಎಂಬತ್ತೊಂದರಾಗ ಸಂಘ ಹುಟ್ಟಿದಾಗಿಂದ ಊದಾಕತ್ತೀನಿ, ಗಲ್ಲದ ನರ ಹರದಾವ. ಬರೂ ಮಂದಿ ಎಷ್ಟು? ಎಂಟು. ಮಳಿ ಬಂದ್ರ ಮೂರು.

ಕೊಟ್ರಬಸಪ್ಪನವ್ರು ಕೆಮ್ಮಿದ್ರು. ಖಾಕರಿಸಿದ್ರು. ಪಡಸಾಲಿ ಕೆಳಗ ಪಿಚಕ್ಕಂತ ಉಗುಳಿದ್ರು. ಉಗುಳಿ, ಬಾಯಿ ಒರಸಿಕೊಂಡು, ನೆಲ ಹೆಂಗ ಕಾಪಾಡಬೇಕು ಅಂತ ಸುರು ಮಾಡಿದ್ರು! ‘ನಲವತ್ತು ಎಕರೆ ಗಾಯರಾಣ, ಊರ ದನ ಮೇಯೂ ನೆಲ. ಪಂಚಾಯ್ತಿಯವ್ರು ನಮ್ಮ ಮ್ಯಾಲ ಭರೋಸಾ ಇಟ್ಟು ಐದು ವರ್ಷ ಕಾಯಾಕ ಕೊಟ್ಟಾರ. ಎರಡು ವರ್ಷ ಬೆಳೆಸಿದ ಬನ್ನಿ ದಸರಾದ ಒಂದು ಸಂಜಿಗೆ ಹೋತು. ಕಾವಲಕ್ಕಿದ್ದ ಕರಿಯವ್ವ ಎಲ್ಲಿದ್ಲು? ಹುಲಿಗಿಗೆ ಹೋಗಿದ್ಲು! ಆಕೀನ್ನ ಇಡೂದೋ, ತೆಗಿಯೂದೋ? ಇದೊಂದೇ ವಿಷಯ.’

ನಿನ್ನ ಯಾಕ ಕರೀಲಿಲ್ಲ? ನಾನೂ ಅದನ್ನ ಕೇಳಬೇಕಂತ… ಅಲ್ಲ, ಕೇಳಿದೆ. ಕೇಳಿದೆ ಅನ್ನು. ಮುಂದ ಬರ್ತೈತಿ ಅದು.

ಅಲ್ಲಾ ಆಯಿ, ಬನ್ನೀನೇ ಯಾಕ ಹಚ್ಚಿಸಿದ್ರು? ನೆನಪೈತಿಲ್ಲ ಆ ಭಾಷಣ? ಬೇವು ಹಚ್ಚಿದ್ರ ಹಲ್ಲುಜ್ಜಾಕ ಮುರೀತಾರ, ಜಾಲಿ ಹಚ್ಚಿದ್ರ ಒಲಿಗೆ ಕಡೀತಾರ. ಬನ್ನಿ? ದೇವರ ಗಿಡ! ಯಾರೂ ಕೈ ಹಚ್ಚಂಗಿಲ್ಲ! ‘ಭಕ್ತೀನೇ ನಮ್ಮ ಬೇಲಿ’ ಅಂದು ಕೊಟ್ರಬಸಪ್ಪನವ್ರು ಕಂಟಿ ಬೇಲಿ ಸುದ್ದಾ ಹಾಕಿಸಲಿಲ್ಲ. ವರ್ಷದಾಗ ಮುನ್ನೂರಾ ಅರವತ್ನಾಲ್ಕು ದಿನ ಖರೇನ ಆ ಮಾತು. ಉಳದ ಒಂದು ದಿನ ಮಂದಿ ಬನ್ನಿ ಮುಡೀತಾರ, ಬಂಗಾರ ಅಂತ ಹರಕೊಂಡು ಹಂಚ್ತಾರ… ಅದು ಒಬ್ಬನ ತಲ್ಯಾಗೂ ಬರಲಿಲ್ಲ. ಅಷ್ಟು ಓದಿದವ್ರಿಗೆ! ಕಮಿಟ್ಯಾಗ ಮೂರು ಮಂದಿ ಡಿಗ್ರಿ ಆದವ್ರು!

ನನ್ನ ತಲ್ಯಾಗ ಬಂದಿತ್ತಾ? ನನ್ನ್ಯಾಕ ಕೇಳ್ತಿ.

ಸಸಿ ಹಚ್ಚೂ ದಿನ ಗಂಗಾವತಿ ಕಾಲೇಜಿನವ್ರು ಲಾರಿ ತುಂಬಿ ಬಂದಿದ್ರಲ್ಲ, ಬಿಳೀ ಟೊಪಗಿ ಹಾಕ್ಕೊಂಡು? ಒಂದು ಸಸಿಗೆ ಐದು ಮಂದಿ ಕೈ ಹಚ್ಚಿ ಫೋಟೋ. ಫೋಟೋ ಹೊಡದಾಂವ ಸಾಕು ಅಂದ ಕೂಡ್ಲೇ ಐದೂ ಕೈ ಬಿಟ್ರು, ಸಸಿ ಅಲ್ಲೇ ಅಡ್ಡ. ಉಂಡ ಎಲಿ ತಗೊಂಡು ಒಡ್ಡಿನ ಕಲ್ಲಿನ ಸಂದ್ಯಾಗ ತುರುಕಿದ್ರು. ಎಂಜಲ ಕೈ ಕುಣಿಯಾಗ ತೊಳದ್ರು. ಒಬ್ಬಾಂವ ಸಸಿ ಮ್ಯಾಲೇ ಉಚ್ಚಿ ಹೊಯ್ದು, ‘ಗೊಬ್ಬರಪಾ’ ಅಂದು ಹಲ್ಲು ಕಿಸದ. ಹಳಸಿದ ಅನ್ನ ಸಾರಿನ ವಾಸ್ನಿ, ನೊಣ, ಅದರಾಗ ಅವರ ಹಾಡು ಬ್ಯಾರೆ! ನಾ ಎದ್ದು, ಸಸಿ ತಂದ ಬಂಡಿ ಹಿಂದ ಹೋಗಿ ಕುಂತೆ. ಅವ್ರು ಹೋದ ಮ್ಯಾಲ ನೋಡ್ತೀನಿ, ನೀ ಬಗ್ಗಿ ಬಗ್ಗಿ ಆ ಎಲಿ ಆರಿಸಾಕತ್ತೀದಿ. ಅಡ್ಡ ಬಿದ್ದದ್ದನ್ನ ನೆಟ್ಟಗ ನಿಲ್ಲಿಸಿ ಮಣ್ಣು ಒತ್ತಾಕತ್ತೀದಿ. ಹಳ್ಳದಿಂದ ಕೊಡ ಹೊತ್ತು ನೀರು ಹಾಕಾಕತ್ತೀದಿ. ಆಯಿ, ನಿನ್ನ ಕೆಲಸ ಕಾಯೂದಷ್ಟೇ, ನೀರು ಹೊರೂದಲ್ಲ ಅಂತ ಎಷ್ಟು ಸಲ ಹೇಳಿದೆ? ನೀ ಏನಂದಿ? ‘ಇನ್ನೂ ಎಳೇವು ಅದಾವ ಬಿಡೋ.’ ಅಷ್ಟೇ.

ಸುಮ್ಮನಿರು, ಅದನ್ನ ನೆನಸಿ ಕಣ್ಣೀರು ತರಬ್ಯಾಡ. ಹೊಗಿ ಅಂತಿ? ಒಲಿ ಆರಿ ಎಷ್ಟೊತ್ತಾಗೈತಿ.

ಎಲ್ಲಿದ್ದೆ? ಹಾಂ, ಹುಲಿಗಿ. ಹೋದಿ, ತಪ್ಪೇನು? ಕಾರಟಗಿಯಿಂದ ಮಗಳು ದುರುಗವ್ವ ಬಂದಿದ್ಲು, ಮೊಮ್ಮಗನ ಜವಳ ತೆಗಸೂದಿತ್ತು, ಹುಲಿಗೆಮ್ಮಗ ಬೇಡಿಕೊಂಡದ್ದು. ಎರಡು ವರ್ಷದಾಗ ಒಂದು ದಿನ ಜಾಗಾ ಬಿಟ್ಟಾಕಿ ಅಲ್ಲ ನೀ. ಅವತ್ತೂ ಬಿಡತಿದ್ದಿಲ್ಲ. ಯಾರೋ… ಯಾರೋ ನಾ ಕಾಯ್ತೀನಿ ಹೋಗು ಅಂದ್ರು. ಹೋದಿ.

ಹಂಗ ನೋಡಬ್ಯಾಡ ಆಯಿ.

ಸರಿ, ನಾನೇ ಅಂದೆ. ನಿನ್ನ ಬಡಿಗಿ ಇಸಗೊಂಡು, ‘ಒಂದು ಆಡು, ಒಂದು ಹೋತು ಸುದ್ದಾ ಒಳಗ ಬಿಡಂಗಿಲ್ಲ, ಆಣಿ’ ಅಂದೆ. ಬಿಡಲೂ ಇಲ್ಲ ಮತ್ತ! ಅವತ್ತ ಒಂದು ಹೋತು ಬಂದಿಲ್ಲ ನೋಡು. ಬಂದದ್ದೆಲ್ಲಾ ಮನಶ್ಯಾರು.

ನಗಲಿಲ್ಲ. ನನಗೂ ನಗಿ ಬರವಲ್ದು.

ಈ ಸಲ ಊರ ಹೊರಗಿನ ಹಳೇ ಬನ್ನಿಗಿಡ ಮುಂಗಾರಿ ಗಾಳಿಗೆ ಬುಡ ಕಿತ್ತು ಬಿದ್ದಿತ್ತು. ಹಬ್ಬದ ದಿನ ಹಿರೇರೆಲ್ಲಾ ಕಟ್ಟಿ ಮ್ಯಾಲ ಕುಂತು ತಲಿ ಕೆರಕೊಳ್ಳಾಕತ್ತಿದ್ರು. ಬನ್ನಿ ಇಲ್ಲದ ದಸರಾ ಹೆಂಗ? ಬಾಜೂ ಊರಿಗೆ ಹೋಗಿ ಕೇಳೂದಂದ್ರ ಇಜ್ಜತ್ತಿನ ಪ್ರಶ್ನೆ. ಹಲಗಿಯವ್ರು ಹಲಗಿ ಕಾಸಿಕೊಂಡು ಸುಮ್ಮನ ಕುಂತಿದ್ರು. ಅಷ್ಟರಾಗ ಯಾರೋ ಸೀಟಿ ಊದಿದ್ರು. ‘ಗಾಯರಾಣದಾಗ ಬನ್ನಿ ಐತ್ರೆಪೋ, ಬರ್ರೀ’ ಅಂದ್ರು. ಯಾರೋ ಹುಡುಗ್ರು ಇರಬೇಕು. ಗದ್ದಲದಾಗ ಯಾರು ನೋಡ್ತಾರ…

ಏನು? ಕೊಳ್ಳಾಗ ಏನೈತಿ ಅಂತ ನೋಡ್ತಿ? ಸೀಟಿ ಐತಿ. ಊರಾಗ ಸೀಟಿ ನಂದೊಂದೇ ಐತೇನು? ಬಸ್ಸಿನ ಕಂಡಕ್ಟರನ ಹತ್ರನೂ ಐತಿ! …ಹಬ್ಬದ ದಿನ ನಮ್ಮೂರಿಗೆ ಬಸ್ಸು ಬರಂಗಿಲ್ಲ, ಹೌದು. ಗೊತ್ತೈತಿ.

ನಾನೇ ಊದಿದೆ. ಆತಾ? ಇನ್ನ ಕಣ್ಣು ತೆಗಿ ನನ್ನ ಮ್ಯಾಲಿಂದ.

ಯಾಕಂದ್ರ… ಹಬ್ಬಕ್ಕ ಎಂಟು ದಿನ ಇದ್ದಾಗ ಶ್ರಮದಾನ ಇತ್ತಲ್ಲ? ಊರಿಂದ ಐದು ಮಂದಿ ಬಂದ್ರು. ಗಂಗಾವತಿ ಕಾಲೇಜಿನ ಹುಡಿಗ್ಯಾರು ಲಾರ್ಯಾಗಿಂದ ಇಳ್ಯಾಕತ್ತಿದ್ರು, ಅವ್ರ ಮುಂದ ಕೊಟ್ರಬಸಪ್ಪನವ್ರು, ‘ಏ ವೆಂಕ್ಯಾ, ನೀ ಊದಿದ್ರ ನಾಯಿ ಸುದ್ದಾ ಬರಂಗಿಲ್ಲಲ್ಲೋ! ನಿನಗ್ಯಾಕ ಬೇಕು ಸೀಟಿ, ಬಿಚ್ಚಿಡು’ ಅಂದ್ರು. ಹುಡಿಗ್ಯಾರು ನಕ್ರು. ಒಬ್ಬಾಕಿ ಟೊಪಗಿ ಬಾಯಿಗೆ ಅಡ್ಡ ಹಿಡದು ನಕ್ಳು. ಎಲ್ಲಾರಿಗೂ ಚೇಷ್ಟಿ ಮಾಡೂ ಹುಡುಗ ಅಲ್ಲೇನು ನಾನು, ನಾ ನಗಬೇಕಿತ್ತು. ನಗಾಕಾಗಲಿಲ್ಲ. ತೋರಸ್ತೀನಿ ಅಂದೆ. ಈ ಮಾರಾಯಗ ಒಮ್ಮೆ ತೋರಸ್ತೀನಿ, ವೆಂಕೋಬ ಊದಿದ್ರ ಎಷ್ಟು ಮಂದಿ ಬರ್ತಾರ ಅಂತ.

ಬಂದ್ರು ಆಯಿ! ಊರಿಗೆ ಊರೇ ಎದ್ದು ಬಂತು! ಒಂದೇ ಸೀಟಿಗೆ! ಮುದುಕ್ರು, ಬಾಣಂತ್ಯಾರು, ಹೊಸ ಧೋತರದವ್ರು, ಮುಂದ ಹಲಗಿ, ಹಿಂದ ಕರಡಿ ಮಜಲಿನ ವಾದ್ಯದವ್ರು. ಕಣ್ಣು ಹಾಯೂತನಕ ಮಂದಿ. ಒಂದು ಕ್ಷಣ… ಹೇಳ್ತೀನಿ, ನೀ ಬಯ್ಯಿ ಬೇಕಾದ್ರ… ಒಂದು ಕ್ಷಣ ನನ್ನ ಎದಿ ಉಬ್ಬಿ ಅಂಗಿ ಗುಂಡಿ ಹರೀತಿತ್ತು. ನಾ ಅಂದಕೊಂಡಿದ್ದು ಅಷ್ಟೇ, ಬರ್ತಾರ, ಕೈ ಮುಗೀತಾರ, ತಲಿಗೊಂದು ಎಲಿ ಹರಕೊಂಡು ಹೋಗ್ತಾರ, ಕೊಟ್ರಬಸಪ್ಪನವ್ರ ಮಾರಿ ಇಷ್ಟಾಗ್ತೈತಿ. ನಾಳೆ ಊರೆಲ್ಲಾ ನಗಬೇಕು. ಅಷ್ಟೇ!

ಮುಂದಿನವ್ರು ಕೈ ಮುಗದ್ರು, ಎಲಿ ಹರದ್ರು. ನಡುವಿನವ್ರಿಗೆ ಎಲಿ ಉಳೀಲಿಲ್ಲ, ಟೊಂಗಿ ಮುರದ್ರು. ಹಿಂದಿನವ್ರಿಗೆ ಟೊಂಗೀನೂ ಉಳೀಲಿಲ್ಲ, ಬುಡಕ್ಕ ಕೈ ಹಾಕಿ ಕಿತ್ರು. ತೊಡಿ ಎತ್ತರ ಗಿಡ ಆಯಿ, ನೀನೇ ಹೇಳ್ತಿದ್ದಿ, ತೊಡಿಗೆ ಬಂದಾವು ಅಂತ. ಮುಳ್ಳು ಚುಚ್ಚಿ ರಕ್ತ ಬಂದ್ರೂ ಬಿಡಲಿಲ್ಲ. ಒಬ್ಬಾಕಿ ಕೈಯಾಗಿಂದ ಇನ್ನೊಬ್ಬಾಕಿ ಜಗ್ಗಿದ್ಲು. ಹುಡುಗ್ರು ಒಡ್ಡಿನ ಮ್ಯಾಲ ಕುಣದು ಕಲ್ಲು ಉರುಳಿಸಿದ್ರು. ಕುಣಿಯಾಗೆಲ್ಲಾ ಕುಂಕಮ, ಕರ್ಪೂರದ ಮಸಿ, ಟೆಂಗಿನ ಚಿಪ್ಪು, ಉಗುಳು. ನಾ ಅಂಜಿದೆ. ನಿಲ್ಲಿಸಾಕಂತ ಸೀಟಿ ಊದಿದೆ, ಜೋರಲೇ, ಮೂರು ಸಲ. ಅದನ್ನ ಕೇಳಿ ಕೆಳಗ ಹಾದ್ಯಾಗ ಉಳದಿದ್ದವ್ರೂ ಓಡಿ ಬಂದ್ರು!

ಆ ಸಂಜಿ ಊರಾಗ ಮನಿಮನಿಗೆ, ‘ಬಂಗಾರ ತಗೊಂಡು ಬಂಗಾರದಂಗ ಇರೂಣ.’ ಕೊಟ್ರಬಸಪ್ಪನವ್ರು ಬಾಗಲಾಗ ನಿಂತು ಬೆಳ್ಳಿ ತಾಟಿನಾಗ ಇಸಗೊಳ್ಳಾಕತ್ತಿದ್ರು. ‘ಎಲ್ಲಿಂದ ತಂದ್ರೆಪಾ? ಭಾಳ ಎಳೇ ಬನ್ನಿ!’ ‘ನಿಮ್ಮ ಗಾಯರಾಣದ್ದ್ರೀ ಧಣಿ!’ ಆ ಮಾರಿ ನೀ ನೋಡಬೇಕಿತ್ತು ಆಯಿ! ಒಗದ್ರ ಬಂಗಾರ ಒಗದಂಗ, ಇಟ್ಕೊಂಡ್ರ ಕಳುವಿನ ಮಾಲು. ಇಟ್ಕೊಂಡ್ರು! ಜಗಲಿ ಮ್ಯಾಲ ಇಟ್ಟು ಊದಿನಕಡ್ಡಿ ಬೆಳಗಿದ್ರು. ಕಮಿಟಿಯವ್ರು ಎಲ್ಲಾರೂ ಇಟ್ಕೊಂಡ್ರು. ಅದಕ್ಕಾಗೇ ಊದಿದ್ದಲ್ಲೇನು ನಾನು, ಆ ಮಾರಿ ನೋಡಾಕ? ನೋಡಿದೆ. ನಗಿ ಬರಲಿಲ್ಲ. ನನ್ನ ಕೈಯಾಗೂ ಮಂದಿ ಬನ್ನಿ ಇಟ್ರು, ಕಿಸೆ ತುಂಬ. ಸಣ್ಣ ಹುಡುಗ್ರು ನನ್ನ ಕಾಲಿಗೆ ಬಿದ್ರು. ಮರುದಿನ ಕಿಸೆಯಾಗ ಕೈ ಹಾಕಿದ್ರ, ಒಣಗಿ ಪುಡಿಪುಡಿ, ತಲಿ ಹೊಟ್ಟಿನಂಗ ಉಗುರಿನಾಗ ಹೊಕ್ಕೈತಿ. ಎಷ್ಟು ತೊಳದ್ರೂ ಆ ಹಸಿ ವಾಸ್ನಿ ಹೋಗವಲ್ದು. ಉಣ್ಣಾಕ ಕೈ ಬಾಯಿಗೆ ತಂದ್ರ ಹೇಸಿಗಿ ಆಗ್ತೈತಿ. ಐದು ದಿನ ಆತು, ಚಮಚೇಲೇ ಉಣ್ಣಾಕತ್ತೀನಿ. ನಮ್ಮವ್ವ ಇಂವಗ ಸಾಹೇಬರ ಚಟ ಹತ್ತೇತಿ ಅಂತಾಳ.

…ಅದಕ್ಕ. ಅದಕ್ಕ ಹೇಳ್ತೀನಿ ಕೇಳು ಈಗ ಕಡೀದು. ಇವತ್ತ ಮೀಟಿಂಗಿನಾಗ, ಇಡೂದೋ ತೆಗಿಯೂದೋ ಅಂತ ಅವ್ರು ಅಂದ ಕೂಡ್ಲೇ ನಾ ಎದ್ದು ನಿಂತೆ. ಹೂಂ! ನಾನೇ! ‘ಕಾವಲಗಿತ್ತೀನ್ನ ತೆಗಿಯೂಕಿಂತ ಮೊದಲು ನಿಮ್ಮ ನಿಮ್ಮ ಜಗಲಿ ಮ್ಯಾಲ ಏನೈತಿ ನೋಡಿ ಬರ್ರಿ’ ಅಂದೆ. ‘ಮುನ್ನೂರಾ ಹನ್ನೆರಡು ಸಸಿಗೆ ಒಬ್ಬಾಕಿ ನೀರು ಹೊತ್ತಾಳ, ನೀವು ಯಾರು ಒಂದು ಕೊಡ ಹೊತ್ತೀರಿ’ ಅಂದೆ. ‘ಆಕೀನ್ನ ಕರೀದ ಆಕೀ ಮ್ಯಾಲ ತೀರ್ಪು ಕೊಡೂದು ಯಾವ ನ್ಯಾಯ’ ಅಂದೆ. ಆಮ್ಯಾಲ ಸೀಟಿ ಬಿಚ್ಚಿ ಮೇಜಿನ ಮ್ಯಾಲ ಒಗದೆ. ‘ಹುಲಿಗಿಗೆ ಹೋಗು ಅಂದಾಂವ ನಾನು. ಊದಿದಾಂವ ನಾನು. ತೆಗಿಯೂದಿದ್ರ ನನ್ನ ತೆಗೀರಿ’ ಅಂದೆ. ಕೊಟ್ರಬಸಪ್ಪನವ್ರ ಕಣ್ಣಾಗ ನೀರು ಆಯಿ! ಖರೇನ! ಎದ್ದು ಬಂದು ನನ್ನ ಅಪ್ಪಿಕೊಂಡ್ರು. ‘ಕರಿಯವ್ವ ಅಲ್ಲೇ ಇರಲಿ, ಗುಡಸಲಕ್ಕ ಹೊಸಾ ತಗಡು ಹಾಕಿಸಿಕೊಡೂಣು’ ಅಂದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ಕಡೀಕ… ಕಡೀಕ ಹಿಂಗಾತು ನೋಡು. ಆರಾಮ ಕುಂದ್ರು ಇನ್ನ. ನಗು!

ಯಾಕ? ಸಂತೋಷ ಆಗಲಿಲ್ಲಾ?

ಮೇಜಿನ ಮ್ಯಾಲ ಒಗದ ಸೀಟಿ ಕೊಳ್ಳಾಗ ಹೆಂಗ ಬಂತಂತಿ? ಅದು… ವಾಪಸ್ ಕೊಟ್ರು. ಮಾಪಿ ಮಾಡಿ ಕೊಟ್ರು.

ಒಂದು ಮಾತರ ಆಡು ಆಯಿ. ಬಂದಾಗಿಂದ ನಾನೇ ಒದರಾಕತ್ತೀನಿ. ಒಂದೀಟು ನೀರರ ಕೊಡು. ಬ್ಯಾಡ, ನೀ ಏಳಬ್ಯಾಡ, ನಾನೇ ತಗೋತೀನಿ… ಇಲ್ಲಿ ಎರಡು ಲೋಟ ಅದಾವಲ್ಲ. ಎರಡರಾಗೂ ಚಹಾದ ಗಸಿ, ಇನ್ನೂ ಹಸೇದೈತಿ. ಒಂದು ನಿಂದು. ಇನ್ನೊಂದು?

ಯಾರು ಬಂದಿದ್ರು?

ಹಜರತಬೀ?

ಯಾವಾಗ… ಮೀಟಿಂಗ್ ಮುಗದ ಕೂಡ್ಲೇ ನೆಟ್ಟಗ ಇಲ್ಲಿಗೇ ಬಂದ್ಲಾ? ಅಂದ್ರ ನಾ ಬರೂ ಹೊತ್ತಿಗೆ ನಿನಗ… ಎಲ್ಲಾ ಹೇಳಿ ಹೋಗ್ಯಾಳ? ಎಲ್ಲಾ?

ಮತ್ತ ನೀ ಇಷ್ಟೊತ್ತು ಸುಮ್ಮನ ಕುಂತು ಕೇಳಿದಿ? ತಗಡು ಹಾಕಿಸಿಕೊಡ್ತಾರ ಅಂದಾಗೂ ಸುಮ್ಮನ ಇದ್ದಿ?

ಬಯ್ಯಿ ಆಯಿ. ಕೆರ ತಗೊಂಡು ಹೊಡಿ. ಹಿಂಗ ನೋಡಿಕೋತ ಕುಂದ್ರಬ್ಯಾಡ. ನೀ ಯಾರ ಮುಂದೂ ನನ್ನ ಹೆಸರು ಹೇಳಿಲ್ಲಂತ ನನಗ ಗೊತ್ತು. ಹಜರತಬೀ ಮುಂದೂ ಹೇಳಿಲ್ಲ, ಇಲ್ಲಾಂದ್ರ ಆಕಿ ಅಲ್ಲೇ ನನ್ನ ಕಿವಿ ಹಿಂಡತಿದ್ಲು. ಯಾಕ ಹೇಳಲಿಲ್ಲ? ನಾನೇ ಹೇಳ್ತೀನಿ ಅಂತ ಕಾಯಾಕತ್ತಿದ್ದೇನು?

ಕಡೀದು ನಾ ಕಟ್ಟಿದ್ದು. ಬರೂವಾಗ ಹಳ್ಳದ ದಂಡಿ ಮ್ಯಾಲ ಎರಡು ತಾಸು ಕುಂತು ಕಟ್ಟಿದೆ. ಚಪ್ಪಾಳಿ, ಕಣ್ಣೀರು, ತಗಡು, ಎಲ್ಲಾ. ಎದ್ದು ನಿಂತಾಕಿ ಹಜರತಬೀ. ಜಗಲಿ ನೋಡಕೊಳ್ರಿ ಅಂದಾಕಿ ಆಕಿ. ನೀರಿನ ಮಾತು, ನ್ಯಾಯದ ಮಾತು, ಎಲ್ಲಾ ಆಕೀವು. ‘ಕರಿಯವ್ವ ಯಾರನ್ನೂ ನಿಲ್ಲಿಸದ ಹೋಗೂ ಹೆಂಗಸಲ್ಲ, ಅವತ್ತ ಕಾಯ್ತೀನಿ ಅಂದಾಂವ ಯಾರು, ಇಲ್ಲಿದ್ರ ಹೇಳ್ರಿ’ ಅಂತ ಆಕಿ ಕೇಳಿದಾಗ ನಾ ನನ್ನ ಚಪ್ಪಲಿ ಉಂಗುಟ ನೋಡಿಕೋತ ಕುಂತಿದ್ದೆ. ಆಕಿ ನನ್ನ ಬಾಜೂಕ ನಿಂತಿದ್ಲು ಆಯಿ. ಆಕೀ ಸೀರಿ ನನ್ನ ಭುಜಕ್ಕ ಹತ್ತಿತ್ತು.

ನಾಳೆ ಸಂಜಿ ಒಳಗ ಗುಡಸಲ ಖಾಲಿ ಮಾಡಬೇಕಂತ. ಹೇಳಿ ಬಾ ಅಂತ ನನ್ನೇ ಕಳಿಸ್ಯಾರ.

ಕರಿಯವ್ವನ್ನ ತೆಗಿಯಾಕ ಯಾರ್ಯಾರ ಒಪ್ಪಿಗಿ ಐತಿ, ಕೈ ಎತ್ತರಿ ಅಂದ್ರು. ಒಬ್ಬರ ಮಾರಿ ಒಬ್ಬರು ನೋಡಾಕತ್ತಿದ್ರು, ಯಾರೂ ಎತ್ತವಲ್ರು. ನಾ ಎತ್ತಿದೆ, ಆಯಿ. ನನ್ನ ನೋಡಿ ಎಲ್ಲಾರೂ ಎತ್ತಿದ್ರು.